ಐದು ಮಾರ್ಕ್ಸಿನ ಮಿಂಚುಳ್ಳಿ

ನಾಲ್ಕನೇ ಸೆಮ್ ಟೈಮ್‌ಟೇಬಲ್ ಬಂದ ದಿನ ಎಲ್ಲ ಬ್ರಾಂಚಿನ ಗ್ರೂಪ್‌ಗಳಲ್ಲೂ ಒಂದೇ ಪ್ರಶ್ನೆ ಓಡಾಡುತ್ತೆ: ‘ಬಯಾಲಜಿ ಫಾರ್ ಇಂಜಿನಿಯರ್ಸ್’ ಅಂದ್ರೆ ಏನಪಾ, ನಮಗ್ಯಾಕೆ ಇದು? ಹತ್ತನೇ ಕ್ಲಾಸ್ ಮುಗಿಸಿ ಪಿಯುಸಿಯಲ್ಲಿ ಪಿಸಿಎಂಸಿ ತಗೊಂಡಾಗಲೇ ಕಪ್ಪೆ, ಜಿರಳೆ, ಹೃದಯದ ನಾಲ್ಕು ಕೋಣೆ ಎಲ್ಲದಕ್ಕೂ ಕೈಮುಗಿದು ಬಂದವರು ನಾವು. ಈಗ ಮತ್ತೆ ಅದೇನಾ? ಸೀನಿಯರ್‌ಗಳ ಉತ್ತರವೂ ಪ್ರತಿ ವರ್ಷ ಒಂದೇ: “ತಲೆ ಕೆಡಿಸ್ಕೋಬೇಡ್ರಿ, ಹಿಂದಿನ ರಾತ್ರಿ ಪಿಡಿಎಫ್ ತಿರುವಿ ಹಾಕಿದ್ರ ಸಾಕು, ಸ್ಕೋರಿಂಗ್ ಸಬ್ಜೆಕ್ಟ್.”

ಆ ಪೇಪರ್ ತೆಗೆದುಹಾಕಿ ಅಂತ ಕೇಳಲು ನಾವು ಇದನ್ನು ಬರೆಯುತ್ತಿಲ್ಲ. ನಮಗೆ ಬಯಾಲಜಿ ಬೇಕು, ಈಗಿರುವುದಕ್ಕಿಂತ ಜಾಸ್ತಿಯೇ ಬೇಕು. ಆದರೆ ಇಡೀ ಸೆಮಿಸ್ಟರಿನಲ್ಲಿ ನಾವು ಒಂದೇ ಒಂದು ಜೀವಂತ ಪ್ರಾಣಿಯನ್ನು ನೋಡದೆ, ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳದೆ ಪಾಸಾಗಬಹುದು. ಅದೂ ಯಾದಗಿರಿಯಂಥ ಜಿಲ್ಲೆಯ ಪಕ್ಕದಲ್ಲೇ ಇದ್ದುಕೊಂಡು. ಬಸ್ ಹತ್ತಿದರೆ ಹತ್ತಿಕುಣಿ ಜಲಾಶಯ, ಸುರಪುರದ ಕಡೆ ಹೋದರೆ ಬೋನಾಳ ಪಕ್ಷಿಧಾಮ, ಏನೂ ಇಲ್ಲ ಅಂದರೂ ಹಾಸ್ಟೆಲ್ ಕಾಂಪೌಂಡ್ ಮೂಲೆಯಲ್ಲೊಂದು ಹುತ್ತ. ಇಷ್ಟೆಲ್ಲ ಇದ್ದೂ ಬಯಾಲಜಿಯನ್ನು ಪಿಡಿಎಫ್‌ನಲ್ಲಿ ಓದುವುದು ಯಾಕೆ ಅನ್ನುವುದೇ ನಮ್ಮ ಪ್ರಶ್ನೆ.

ಉತ್ತರ ಇದೆ, ಪ್ರಶ್ನೆ ಇಲ್ಲ

ಮೊದಲು ಪೇಪರಿನ ಬಗ್ಗೆ ಒಳ್ಳೆಯ ಮಾತು. 2018ರಲ್ಲಿ ಎಐಸಿಟಿಇ ತನ್ನ ಮಾದರಿ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಜೀವವಿಜ್ಞಾನವನ್ನು ಸೇರಿಸಿತು. ವಿಟಿಯು 2021ರ ಸ್ಕೀಮ್‌ನಲ್ಲಿ ಅದನ್ನು ನಾಲ್ಕನೇ ಸೆಮಿಸ್ಟರಿಗೆ ತಂದಿತು. ಆರಿಸಿರುವ ವಿಷಯಗಳಂತೂ ಸಖತ್ತಾಗಿವೆ. ಮಿದುಳು ಅಂದ್ರೆ ಸಿಪಿಯು, ಕಣ್ಣು ಅಂದ್ರೆ ಕ್ಯಾಮೆರಾ, ಹೃದಯ ಅಂದ್ರೆ ಪಂಪು, ಕಿಡ್ನಿ ಅಂದ್ರೆ ಫಿಲ್ಟರ್. ಆಮೇಲೆ ಬಾವಲಿ ಮತ್ತು ಸೋನಾರ್, ಹಕ್ಕಿಯ ಹಾರಾಟ ಮತ್ತು ಜಿಪಿಎಸ್, ತಾವರೆ ಎಲೆ, ಮುಳ್ಳುಕಾಯಿ ಮತ್ತು ವೆಲ್ಕ್ರೋ, ಶಾರ್ಕ್ ಚರ್ಮ ಮತ್ತು ಈಜುಡುಗೆ, ಮಿಂಚುಳ್ಳಿ ಕೊಕ್ಕು ಮತ್ತು ಬುಲೆಟ್ ಟ್ರೇನ್. ಇಷ್ಟು ಚೆಂದದ ಪಟ್ಟಿಯನ್ನು ಯಾರಾದರೂ ಕಥೆಯಾಗಿ ಹೇಳಿದ್ದರೆ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಿದ್ದರು.

ಈಗ ಅದು ನಮ್ಮ ಉತ್ತರ ಪತ್ರಿಕೆಗೆ ಬರುವಾಗ ಹೇಗಿರುತ್ತೆ ನೋಡಿ. “ಮಿಂಚುಳ್ಳಿಯ ಕೊಕ್ಕು ಉದ್ದವಾಗಿಯೂ ಚೂಪಾಗಿಯೂ ಇರುತ್ತದೆ. ಇದರಿಂದ ಪ್ರೇರಿತರಾಗಿ ಬುಲೆಟ್ ಟ್ರೇನ್ ವಿನ್ಯಾಸ ಮಾಡಲಾಯಿತು. ಲಾಭಗಳು: ಒಂದು, ಎರಡು, ಮೂರು.” ಒಂದು ಚಿತ್ರ ಬರೆದರೆ ಐದಕ್ಕೆ ನಾಲ್ಕು ಮಾರ್ಕ್ಸ್ ಗ್ಯಾರಂಟಿ. ಈ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಯಾರಿಗೆ, ಯಾವಾಗ, ಯಾಕೆ ಆ ಹಕ್ಕಿ ನೆನಪಾಯಿತು ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ.

ನೆನಪಾಗಿದ್ದು ಜಪಾನಿನ ರೈಲ್ವೆ ಇಂಜಿನಿಯರ್ ಐಜಿ ನಕಾತ್ಸು ಅವರಿಗೆ. ಅವರ ತಂಡದ ಮುಂದಿದ್ದ ಸಮಸ್ಯೆ ಸದ್ದು. ವೇಗದ ರೈಲು ಕಿರಿದಾದ ಸುರಂಗಕ್ಕೆ ನುಗ್ಗಿದಾಗ ಒಳಗಿನ ಗಾಳಿ ಪಿಸ್ಟನ್ ಒತ್ತಿದಂತೆ ಒತ್ತಿಕೊಂಡು, ಒತ್ತಡದ ಅಲೆಯಾಗಿ ಆ ಕಡೆಯ ಬಾಯಿಂದ ಢಮ್ ಅಂತ ಹೊರಬರುತ್ತಿತ್ತು. ಸುತ್ತಲಿನ ಮನೆಗಳವರಿಗೆ ಕಾಟ. ಕಡಿಮೆ ಪ್ರತಿರೋಧದ ಗಾಳಿಯಿಂದ ಹೆಚ್ಚು ಪ್ರತಿರೋಧದ ನೀರಿಗೆ ಹೆಚ್ಚು ನೀರೆರಚದೆ ನುಗ್ಗುವ ಪ್ರಾಣಿ ಯಾವುದು ಅಂತ ಯೋಚಿಸಿದಾಗ ನಕಾತ್ಸು ಅವರಿಗೆ ಮಿಂಚುಳ್ಳಿ ಹೊಳೆಯಿತು. ಹೊಳೆಯಲು ಕಾರಣ ಸರಳ: ಅವರು ರಜಾದಿನಗಳಲ್ಲಿ ಹಕ್ಕಿ ನೋಡುವ ಹವ್ಯಾಸದವರು. 1997ರಲ್ಲಿ ಓಡಲು ಶುರುವಾದ 500 ಸರಣಿಯ ಆ ರೈಲಿನ 15 ಮೀಟರ್ ಉದ್ದದ ಮೂತಿ ಹುಟ್ಟಿದ್ದು ಹಾಗೆ. ಅದೇ ರೈಲಿನ ಮೇಲಿನ ವಿದ್ಯುತ್ ಹಿಡಿಯುವ ತೋಳಿನ ಸದ್ದು ತಗ್ಗಿಸಲು ಅವರು ಗೂಬೆಯ ರೆಕ್ಕೆಯನ್ನೂ ಗಮನಿಸಿದ್ದರು.

ವೆಲ್ಕ್ರೋದ್ದೂ ಇದೇ ಕಥೆ. 1941ರಲ್ಲಿ ಸ್ವಿಸ್ ಇಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ನಾಯಿ ಜೊತೆ ಕಾಡು ಸುತ್ತಿ ಬಂದಾಗ ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿದ ಮುಳ್ಳುಕಾಯಿಗಳನ್ನು ಕಿತ್ತೆಸೆಯುವ ಬದಲು ಮೈಕ್ರೋಸ್ಕೋಪಿನ ಕೆಳಗಿಟ್ಟರು. ನಮ್ಮ ಕಡೆ ಹೊಲದಿಂದ ಬಂದವರ ಪ್ಯಾಂಟಿಗೆ ಇಂಥವು ದಿನಾ ಅಂಟುತ್ತವೆ. ನಾವು ಬೈಕೊಂಡು ಕೀಳ್ತೀವಿ.

ಇಬ್ಬರ ವಿಷಯದಲ್ಲೂ ಮೊದಲು ಬಂದದ್ದು ನೋಡುವ ಅಭ್ಯಾಸ, ಆಮೇಲೆ ಡಿಸೈನ್. ಸಿಲಬಸ್ ನಮಗೆ ಎರಡನೆಯದನ್ನು ಕೊಡುತ್ತಿದೆ. ಮೊದಲನೆಯದನ್ನು ಯಾರೂ ಕೇಳುವುದಿಲ್ಲ, ಯಾಕಂದ್ರೆ ಅದಕ್ಕೆ ಮಾರ್ಕ್ಸ್ ಇಲ್ಲ.

ಬಾವಲಿ ನೋಡಿ ಸೋನಾರ್ ಮಾಡಿದರೇ?

ಇನ್ನೊಂದು ತೊಂದರೆ ಇದೆ. ‘ಪ್ರಾಣಿ ನೋಡಿ ಯಂತ್ರ ಮಾಡಿದರು’ ಅನ್ನುವ ಒಂದೇ ಸೂತ್ರಕ್ಕೆ ಎಲ್ಲವನ್ನೂ ಹಾಕಿದಾಗ ಇತಿಹಾಸವೇ ತಲೆಕೆಳಗಾಗುತ್ತೆ. ಸೋನಾರ್ ತಗೊಳ್ಳಿ. ನೀರಿನೊಳಗೆ ಶಬ್ದದ ಅಲೆ ಬಿಟ್ಟು ಪ್ರತಿಧ್ವನಿ ಹಿಡಿಯುವ ಉಪಕರಣವನ್ನು ಫ್ರಾನ್ಸಿನ ಪಾಲ್ ಲಾಂಜೆವಿನ್ ಮೊದಲ ಮಹಾಯುದ್ಧದ ಹೊತ್ತಿಗೇ ಮಾಡಿದ್ದರು. ಬಾವಲಿ ಕತ್ತಲಲ್ಲಿ ಹೇಗೆ ಹಾರುತ್ತೆ ಅನ್ನುವುದು ಖಚಿತವಾಗಿ ಗೊತ್ತಾಗಿದ್ದು ಅದಾಗಿ ಇಪ್ಪತ್ತು ವರ್ಷ ಕಳೆದ ಮೇಲೆ.

ಗೊತ್ತಾದದ್ದು ಹೇಗೆ ಅನ್ನುವುದು ನಮ್ಮಂಥವರಿಗೆ ಮುಖ್ಯ. ಹಾರ್ವರ್ಡ್‌ನಲ್ಲಿ ಡಿಗ್ರಿ ಓದುತ್ತಿದ್ದ ಡೊನಾಲ್ಡ್ ಗ್ರಿಫಿನ್‌ಗೆ ಬಾವಲಿಗಳ ಹುಚ್ಚು. ಅವು ಎಲ್ಲಿಂದ ಎಲ್ಲಿಗೆ ವಲಸೆ ಹೋಗುತ್ತವೆ ಅಂತ ತಿಳಿಯಲು ಅವುಗಳಿಗೆ ಬಳೆ ತೊಡಿಸುತ್ತಿದ್ದರು. ಅದೇ ಕ್ಯಾಂಪಸ್ಸಿನ ಫಿಸಿಕ್ಸ್ ವಿಭಾಗದಲ್ಲಿ ಜಿ. ಡಬ್ಲ್ಯು. ಪಿಯರ್ಸ್ ಅನ್ನುವವರು ಮನುಷ್ಯರ ಕಿವಿಗೆ ಕೇಳದ ಶಬ್ದವನ್ನು ಹಿಡಿಯುವ ಯಂತ್ರ ಕಟ್ಟಿದ್ದರು. 1938ರಲ್ಲಿ ಗ್ರಿಫಿನ್ ತಮ್ಮ ಬಾವಲಿಗಳನ್ನು ಆ ಯಂತ್ರದ ಮುಂದೆ ತಂದಿಟ್ಟರು. ನಿಶ್ಶಬ್ದ ಅಂತ ಎಲ್ಲರೂ ಅಂದುಕೊಂಡಿದ್ದ ಪ್ರಾಣಿ ಕಿರುಚುತ್ತಿತ್ತು! ಆಗ ಗ್ರಿಫಿನ್‌ಗೆ ಇಪ್ಪತ್ತಮೂರೂ ತುಂಬಿರಬಹುದು, ಅಷ್ಟೇ. ಒಬ್ಬ ವಿದ್ಯಾರ್ಥಿಯ ಪ್ರಾಣಿಪ್ರೀತಿ, ಪಕ್ಕದ ವಿಭಾಗದ ಒಂದು ಉಪಕರಣ ಸೇರಿ ಜೀವಶಾಸ್ತ್ರದ ಒಂದು ಹೊಸ ಅಧ್ಯಾಯವೇ ತೆರೆಯಿತು.

ಜಿಪಿಎಸ್ ಕೂಡ ಹಕ್ಕಿಯಿಂದ ಕಲಿತದ್ದಲ್ಲ, ಉಪಗ್ರಹ ಮತ್ತು ಪರಮಾಣು ಗಡಿಯಾರದಿಂದ ಬಂದದ್ದು. ಉಲ್ಟಾ, ಹಕ್ಕಿಗಳ ಬಗ್ಗೆ ನಾವು ಕಲಿಯುತ್ತಿರುವುದು ಜಿಪಿಎಸ್‌ನಿಂದ. ಚಳಿಗಾಲದಲ್ಲಿ ಬೋನಾಳಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬರುವಂಥವು. ಈ ಜಾತಿಯ ಬಾತುಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆ ಸಿಕ್ಕಿತು. ಹೃದಯಬಡಿತ ಅಳೆಯುವ ಲಾಗರ್‌ಗಳನ್ನೂ ಇಟ್ಟು ಮಾಡಿದ ಇನ್ನೊಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬಾತು ಒಮ್ಮೆ ಮೇಲೇರಿದ ಮೇಲೆ ಅದೇ ಎತ್ತರದಲ್ಲಿ ನೇರ ಹೋಗುವುದಿಲ್ಲ, ಬೆಟ್ಟ ಏರಿದಂತೆ ಏರಿ, ಕಣಿವೆ ಬಂದಾಗ ಇಳಿಯುತ್ತೆ ಅಂತ ಅದರಲ್ಲಿ ಗೊತ್ತಾಯಿತು. ಮತ್ತೆ ಏರುವುದು ದಂಡ ಅಲ್ವಾ ಅನಿಸುತ್ತೆ. ಆದರೆ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಅದಕ್ಕಿಂತ ದುಬಾರಿ. ಇದು ಇಸಿಯವರ ಸೆನ್ಸರ್, ಏರೋದವರ ಲಿಫ್ಟ್, ಸಿಎಸ್‌ನವರ ಡೇಟಾ, ಮೂರೂ ಸೇರಿದ ಪ್ರಾಣಿಶಾಸ್ತ್ರ.

ಎಐಸಿಟಿಇ ಪಠ್ಯಕ್ರಮದಲ್ಲಿ ಕಣ್ಣು–ಕ್ಯಾಮೆರಾ, ಹಕ್ಕಿ–ವಿಮಾನದ ಹೋಲಿಕೆ ಇಟ್ಟಿದ್ದು ವಿಜ್ಞಾನಕ್ಕೂ ಇಂಜಿನಿಯರಿಂಗಿಗೂ ಇರುವ ವ್ಯತ್ಯಾಸವನ್ನು ತೋರಿಸಲು. ನಮ್ಮ ನೋಟ್ಸ್‌ಗಳಿಗೆ ಇಳಿಯುವಷ್ಟರಲ್ಲಿ ವ್ಯತ್ಯಾಸ ಉದುರಿ ಹೋಗಿ ಹೋಲಿಕೆ ಮಾತ್ರ ಉಳಿದಿದೆ. ಕ್ಯಾಮೆರಾ ಮಾಡುವವನು ಸೆನ್ಸರಿನ ಮುಂದೆ ವೈರ್ ಹಾಯಿಸುವುದಿಲ್ಲ. ನಮ್ಮ ಕಣ್ಣಲ್ಲಿ ನರಗಳು ರೆಟಿನಾದ ಮುಂದೆಯೇ ಹಾಯ್ದು, ಒಂದು ಕಡೆ ತೂತು ಮಾಡಿಕೊಂಡು ಹಿಂದೆ ಹೋಗುತ್ತವೆ, ಅದಕ್ಕೇ ಅಲ್ಲೊಂದು ಕುರುಡುಚುಕ್ಕೆ. ಆಕ್ಟೋಪಸ್ಸಿನ ಕಣ್ಣಲ್ಲಿ ಆ ತೊಂದರೆ ಇಲ್ಲ. ಇಂಥ ಡಿಸೈನ್ ಹೇಗೆ ಬಂತು ಅಂತ ಕೇಳಿದರೆ ವಿಕಾಸವಾದ ಶುರುವಾಗುತ್ತೆ. ಹೋಲಿಕೆಗೆ ನಿಲ್ಲಿಸಿದರೆ ಅದೊಂದು ಫಿಲ್ ಇನ್ ದ ಬ್ಲಾಂಕ್ಸ್.

ಹತ್ತಿಕುಣಿಯಲ್ಲಿ ಒಂದು ಮುಂಜಾನೆ

ನಮ್ಮ ಗುಂಪಿನಲ್ಲೊಬ್ಬನ ಊರು ಹತ್ತಿಕುಣಿ ಕಡೆ. ಕಳೆದ ಬೇಸಿಗೆಯ ಒಂದು ಭಾನುವಾರ ಅವನ ಮನೆಗೆ ಜೋಳದ ರೊಟ್ಟಿ ತಿನ್ನೋಕೆ ಅಂತ ಹೋಗಿದ್ದೆವು. ಬೆಳಗ್ಗೆ ಜಲಾಶಯದ ಕಡೆ ನಡೆದೆವು. ಅವನ ಅಕ್ಕ ಬಿಎಸ್ಸಿ ಪ್ರಾಣಿಶಾಸ್ತ್ರ ಓದುತ್ತಾರೆ, ಅವರೂ ಬಂದರು. ನೀರು ಹಿಂದೆ ಸರಿದು ಕೆಸರು, ಕಲ್ಲು ಎಲ್ಲ ಬಯಲಾಗಿತ್ತು. ನೀರಿನ ಅಂಚಿನಲ್ಲಿ ಹಕ್ಕಿಗಳ ಸಂತೆ.

ನಮಗೆ ಗೊತ್ತಿದ್ದ ಹೆಸರುಗಳು ಎರಡೇ: ಕ್ರೇನ್, ಡಕ್. ಇಂಗ್ಲಿಷ್ ಮೀಡಿಯಂ ಅಂದಮೇಲೆ ಇಂಗ್ಲಿಷ್ ಹೆಸರಾದರೂ ಬರಬೇಕಲ್ಲ, ಅದೂ ಇಲ್ಲ. ‘ಕ್ರೇನ್’ ಅಂದದ್ದೆಲ್ಲ ಬೆಳ್ಳಕ್ಕಿ ಅಂತ ಅಕ್ಕ ನಕ್ಕರು. ಅಲ್ಲೇ ಕುರಿ ಬಿಟ್ಟುಕೊಂಡಿದ್ದ ಅಜ್ಜ ಒಬ್ಬರು ಪ್ರತಿಯೊಂದಕ್ಕೂ ಹೆಸರು ಹೇಳಿದರು, ಯಾವುದು ಮಳೆಗೆ ಮುಂಚೆ ಬರುತ್ತೆ, ಯಾವುದು ಈಚೆಗೆ ಕಡಿಮೆಯಾಗಿದೆ ಅಂತಲೂ ಹೇಳಿದರು. ಅವರ ತಲೆಯಲ್ಲಿ ಹತ್ತಾರು ವರ್ಷಗಳ ಡೇಟಾ ಇದೆ. ಬರೆದಿಟ್ಟವರು ಯಾರು?

ಸುಮ್ನೆ ಆಟಕ್ಕೆ ಅಂತ ಎರಡು ಗುಂಪಾಗಿ ನೀರುಕಾಗೆಗಳನ್ನು ಎಣಿಸಿದೆವು. ಎರಡು ಗುಂಪಿನ ಲೆಕ್ಕಕ್ಕೂ ತಾಳಮೇಳ ಇರಲಿಲ್ಲ. ಅವು ಮುಳುಗುತ್ತವೆ, ಏಳುತ್ತವೆ, ಎಣಿಸಿದ್ದನ್ನೇ ಎಣಿಸ್ತೀವಿ. ಆಮೇಲೆ ಶುರುವಾಯಿತು ನೋಡಿ ಜಗಳ: ಫೋಟೋ ತೆಗೆದು ಎಣಿಸೋಣವಾ, ನೀರಿನ ಮೇಲೆ ಭಾಗ ಮಾಡಿಕೊಳ್ಳೋಣವಾ, ಮೂರು ಸಲ ಎಣಿಸಿ ಸರಾಸರಿ ತೆಗೆಯೋಣವಾ, ಮುಳುಗಿರುವವನ್ನು ಹೇಗೆ ಅಂದಾಜು ಮಾಡೋದು? ಮೆಷರ್‌ಮೆಂಟ್ ಎರರ್ ಅನ್ನುವ ಪಾಠ ಲ್ಯಾಬಿನಲ್ಲಿ ವರ್ನಿಯರ್ ಹಿಡಿದಾಗ ತಲೆಗೆ ಹತ್ತಿರಲಿಲ್ಲ, ಅಲ್ಲಿ ಹತ್ತಿತು.

ಬಿಸಿಲೇರಿದ ಮೇಲೆ ಇನ್ನೊಂದು ಕಂಡಿತು. ಒಂದು ಟಿಟ್ಟಿಭ ನೀರಿಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಕಲ್ಲುಗಳ ಕಡೆ ಓಡುತ್ತಿತ್ತು. ಅದು ಬರೀ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ಒದ್ದೆ ಹೊಟ್ಟೆಯಿಂದ ಮೊಟ್ಟೆಗಳನ್ನು ತಂಪು ಮಾಡುತ್ತೆ ಅಂತ ಅಕ್ಕ ಹೇಳಿದರು. ನಮ್ಮ ಮೆಕ್ಯಾನಿಕಲ್ ಗೆಳೆಯ ಎದ್ದು ನಿಂತ: “ಲೇ, ಇದು ಇವಾಪೊರೇಟಿವ್ ಕೂಲಿಂಗ್!” ಗಂಟೆಗೆ ಎಷ್ಟು ಸಲ ನೀರಿಗೆ ಹೋಗುತ್ತೆ? ತಾಪ ಏರಿದಂತೆ ಸಲ ಹೆಚ್ಚುತ್ತಾ? ಗಾಳಿ ಬೀಸಿದ ದಿನ ಕಡಿಮೆಯಾಗುತ್ತಾ? ಹಕ್ಕಿಗೆ ಮೊಟ್ಟೆಯ ತಾಪ ಹೇಗೆ ಗೊತ್ತಾಗುತ್ತೆ? ಇವಕ್ಕೆಲ್ಲ ಬೇಕಾಗಿರುವುದು ಒಂದು ಥರ್ಮಾಮೀಟರ್, ಒಂದು ಗಡಿಯಾರ, ದೂರದಿಂದ ನೋಡಲು ಒಂದು ಬೈನಾಕ್ಯುಲರ್, ಮತ್ತೆ ತಾಳ್ಮೆ.

ಇದು ಹುಡುಗಾಟದ ಪ್ರಶ್ನೆ ಅಂದುಕೊಳ್ಳಬೇಡಿ. ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ನೆಲೆಸಿದಾಗ, ದುಬಾರಿ ಯಂತ್ರಗಳಿಲ್ಲದ ದೇಶದಲ್ಲೂ ನೋಡುವುದರಿಂದ, ಎಣಿಸುವುದರಿಂದ ಒಳ್ಳೆಯ ಜೀವಶಾಸ್ತ್ರ ಮಾಡಬಹುದು ಅಂತ ತಮ್ಮ ಶಿಷ್ಯರಿಗೆ ಹಚ್ಚಿದ್ದರು. ಅವರ ಜೊತೆ ಕೆಲಸ ಮಾಡಿದ ಸುರೇಶ್ ಜಯಕರ್ ಗಣಿತದಲ್ಲಿ ಪಳಗಿದವರು. ಹಾಲ್ಡೇನ್ ಜೊತೆ ತಳಿವಿಜ್ಞಾನದ ಗಣಿತ ಬರೆದ ಅದೇ ಜಯಕರ್, ಹೆಲೆನ್ ಸ್ಪರ್ವೇ ಅವರೊಡನೆ ಸೇರಿ ಹಳದಿ ಟಿಟ್ಟಿಭದ ಗೂಡನ್ನು ಕಾದು ನೋಡಿ ಪ್ರಬಂಧ ಬರೆದರು. ಒಂದು ಮಣ್ಣುಕಣಜದ ಗೂಡಿನ ಬಗ್ಗೆಯೂ ಬರೆದರು. ಲೆಕ್ಕ ಬಲ್ಲವನು ಹಕ್ಕಿ ನೋಡಿದರೆ ಏನಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಕಿಟಕಿಯ ಕಣಜ, ಮೂಲೆಯ ಹುತ್ತ

ನಮ್ಮ ರಾಜ್ಯದಲ್ಲೇ ಇನ್ನೂ ದೊಡ್ಡ ಉದಾಹರಣೆ ಇದೆ. ರಾಘವೇಂದ್ರ ಗದಗ್ಕರ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಕಟ್ಟಡದ ಕಿಟಕಿಗಳಲ್ಲಿ ಕಾಗದದಂಥ ಗೂಡು ಕಟ್ಟಿದ್ದ ಕಣಜಗಳನ್ನು ಕಂಡರು. ಆಮೇಲೆ ಐಐಎಸ್‌ಸಿಯಲ್ಲಿ ಅಣುಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರೂ ಕಣಜ ಬಿಡಲಿಲ್ಲ. ರೋಪಾಲಿಡಿಯಾ ಮಾರ್ಜಿನೇಟಾ ಅನ್ನುವ ಆ ಒಂದು ಜಾತಿಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ವಿಧಾನ ಕೇಳಿದರೆ ನಗು ಬರಬಹುದು. ಪ್ರತಿ ಕಣಜದ ಮೈಮೇಲೆ ಬಣ್ಣದ ಚುಕ್ಕೆ ಇಡುವುದು, ಯಾರು ಯಾರಿಗೆ ಏನು ಮಾಡಿದರು ಅಂತ ಗಂಟೆಗಟ್ಟಲೆ ಬರೆದುಕೊಳ್ಳುವುದು.

ಸಿಕ್ಕ ಉತ್ತರ ಮಾತ್ರ ಯಾವ ಥ್ರಿಲ್ಲರ್‌ಗೂ ಕಡಿಮೆ ಇಲ್ಲ. ಈ ಗೂಡಿನ ರಾಣಿ ಯಾರ ಮೇಲೂ ದಬ್ಬಾಳಿಕೆ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತಾಳೆ. ರಾಣಿಯನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರರಲ್ಲೊಬ್ಬಳು ಸಿಕ್ಕಾಪಟ್ಟೆ ಜಗಳಗಂಟಿಯಾಗುತ್ತಾಳೆ. ರಾಣಿಯನ್ನು ತಿರುಗಿ ಇಡದಿದ್ದರೆ ಮುಂದಿನ ರಾಣಿ ಅವಳೇ. ಮುಂಚೆ ಎಷ್ಟು ನೋಡಿದರೂ ಅವಳು ಯಾರು ಅಂತ ನಮಗೆ ಹೇಳಲಾಗುವುದಿಲ್ಲ. ಕಣಜಗಳಿಗೆ ಗೊತ್ತಾ? ಇದನ್ನು ಪರೀಕ್ಷಿಸಲು ಅವರ ತಂಡ ಗೂಡನ್ನು ಎರಡು ಭಾಗ ಮಾಡಿ ನಡುವೆ ಜಾಲರಿ ಹಾಕಿ, ರಾಣಿಯನ್ನು ಆ ಕಡೆ ಈ ಕಡೆ ಬದಲಾಯಿಸಿ ನೋಡಿತು. ಉತ್ತರಾಧಿಕಾರಿ ಯಾರು ಅಂತ ಅವುಗಳಿಗೆ ಮೊದಲೇ ಗೊತ್ತಿರುವಂತೆ ಕಂಡಿತು. ಕತ್ತರಿ, ಜಾಲರಿ, ಬಣ್ಣ, ನೋಟ್‌ಬುಕ್ ಇಷ್ಟೇ ಸಾಮಾನು. ಇಂಥ ಕಡಿಮೆ ಖರ್ಚಿನ ಪ್ರಯೋಗಗಳ ಬಗ್ಗೆಯೇ ಅವರು ವಿದ್ಯಾರ್ಥಿಗಳಿಗಾಗಿ ಬರೆದ ಇಂಗ್ಲಿಷ್ ಪುಸ್ತಕವನ್ನು 2021ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದೆ.

ಇನ್ನು ಹುತ್ತ. ನಾಗರ ಪಂಚಮಿಗೆ ಹಾಲೆರೆಯುವ ಹುತ್ತವನ್ನು ಕಟ್ಟುವುದು ಗೆದ್ದಲು. ಐಐಎಸ್‌ಸಿಯ ಪರಿಸರ ವಿಜ್ಞಾನದ ರೆನೀ ಬೋರ್ಜಸ್ ಮತ್ತು ಸಿವಿಲ್ ಇಂಜಿನಿಯರಿಂಗಿನ ತೇಜಸ್ ಮೂರ್ತಿ ತಂಡಗಳು ಸೇರಿ, ಗೆದ್ದಲು ಮಣ್ಣಿನ ಉಂಡೆ ಹೇಗೆ ಮಾಡುತ್ತೆ, ಎಷ್ಟು ತೇವ ಇಡುತ್ತೆ, ಅದರ ಜೊಲ್ಲು ಬೆರೆತ ಮಣ್ಣು ಎಷ್ಟು ಗಟ್ಟಿ ಅಂತ ಅಳೆದವು. ಸಾದಾ ಮಣ್ಣಿಗಿಂತ ಅದು ಹಲವು ಪಟ್ಟು ಗಟ್ಟಿ. ದಕ್ಷಿಣ ಕರ್ನಾಟಕದ ಹುತ್ತಗಳ ಮೇಲೆ ಹಾರ್ವರ್ಡ್‌ನ ಎಲ್. ಮಹಾದೇವನ್ ಮತ್ತು ಸಂಗಡಿಗರು ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹುತ್ತ ಉಸಿರಾಡುವ ಬಗೆ ಹೇಳಿತು: ಹಗಲಲ್ಲಿ ಹೊರಗಿನ ತೆಳು ಕೊಳವೆಗಳು ಬೇಗ ಕಾದು ಅಲ್ಲಿ ಗಾಳಿ ಮೇಲೇರುತ್ತೆ, ನಡುವಿನಲ್ಲಿ ಇಳಿಯುತ್ತೆ, ರಾತ್ರಿ ಅದೇ ಗಾಳಿ ದಿಕ್ಕು ತಿರುಗಿಸುತ್ತೆ. ಹಗಲು-ರಾತ್ರಿಯ ತಾಪದ ವ್ಯತ್ಯಾಸವೇ ಅದರ ಮೋಟಾರು. ಸಿವಿಲ್‌ನವರೂ ಮೆಕ್ಯಾನಿಕಲ್‌ನವರೂ ಇಲ್ಲದೆ ಈ ಪ್ರಾಣಿಶಾಸ್ತ್ರ ಆಗುತ್ತಿರಲಿಲ್ಲ.

ಅಕ್ಕನ ಲ್ಯಾಬ್ ರೆಕಾರ್ಡ್

ಪ್ರಾಣಿಶಾಸ್ತ್ರವನ್ನೇ ಮೇಜರ್ ಆಗಿ ಓದುವವರ ಸ್ಥಿತಿ ನಮಗಿಂತ ಚೆನ್ನಾಗಿರಬೇಕು ಅಂದುಕೊಂಡಿದ್ದೆವು. ಅಕ್ಕನ ರೆಕಾರ್ಡ್ ಬುಕ್ ನೋಡಿದ ಮೇಲೆ ಹಾಗನಿಸಲಿಲ್ಲ. ತುಂಬ ಚೆಂದದ ಚಿತ್ರಗಳು, ಪೆನ್ಸಿಲ್ ಶೇಡಿಂಗ್. ಎಲ್ಲವೂ ಫಾರ್ಮಲಿನ್ ಬಾಟಲಿಯಲ್ಲಿದ್ದ, ಅಥವಾ ಚಾರ್ಟಿನಲ್ಲಿದ್ದ ಪ್ರಾಣಿಗಳವು. ಪ್ರಾಣಿಶಾಸ್ತ್ರದ ಲ್ಯಾಬ್‌ಗಳಲ್ಲಿ ಡಿಸೆಕ್ಷನ್ ಹಂತಹಂತವಾಗಿ ನಿಲ್ಲಿಸಲು ಯುಜಿಸಿ 2011ರಲ್ಲೇ ಮಾರ್ಗಸೂಚಿ ಹೊರಡಿಸಿತು. ಒಳ್ಳೆಯದೇ ಆಯಿತು, ಕಪ್ಪೆಗಳು ಬದುಕಿದವು. ಆದರೆ ಕೊಯ್ಯುವುದು ನಿಂತ ಜಾಗಕ್ಕೆ ನೋಡುವುದು ಬರಬೇಕಿತ್ತು. ಹೆಚ್ಚಿನ ಕಡೆ ಬಂದದ್ದು ಚಾರ್ಟು ಮತ್ತು ವಿಡಿಯೊ. “ಮೂರು ವರ್ಷ ಝೂವಾಲಜಿ ಓದೀನಿ, ಹೊರಗ ಕರಕೊಂಡ್ ಹೋಗಿದ್ದು ಒಂದ್ ಸಲ, ಅದೂ ಟ್ರಿಪ್ಪು” ಅಂದರು ಅಕ್ಕ.

ಬೇರೆ ರೀತಿಯಲ್ಲಿ ಕಲಿಸಬಹುದು ಅಂತ ಬೆಂಗಳೂರಿನಲ್ಲಿ ತೋರಿಸಿದ್ದಾರೆ. ಐಐಎಸ್‌ಸಿ 2011ರಲ್ಲಿ ಪದವಿ ಕೋರ್ಸ್ ಶುರು ಮಾಡಿದಾಗ ಮ್ಯಾಥ್ಸ್ ಓದುವವನಿಗೂ ಬಯಾಲಜಿ ಕಡ್ಡಾಯ, ಬಯಾಲಜಿಯವನಿಗೂ ಮ್ಯಾಥ್ಸ್ ಮತ್ತು ಇಂಜಿನಿಯರಿಂಗ್ ಕಡ್ಡಾಯ ಅಂತ ಇಟ್ಟಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಬಿಎಸ್ಸಿ ವಿದ್ಯಾರ್ಥಿಗಳು ಬೇಸಿಗೆ ರಜೆಗಳಲ್ಲಿ ಬಂದು ಪ್ರಾಜೆಕ್ಟ್ ಮಾಡುತ್ತಲೇ ಜೀವಶಾಸ್ತ್ರ ಕಲಿಯುವ ಕಾರ್ಯಕ್ರಮ ನಡೆದಿದೆ. ಆದರೆ ಆ ಸೀಟುಗಳು ಬೆರಳೆಣಿಕೆಯವು, ಪರೀಕ್ಷೆ ಬರೆದು ಗೆದ್ದವರಿಗೆ. ಹತ್ತಿಕುಣಿಯ ಹುಡುಗಿಯೊಬ್ಬಳು ಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡಬೇಕು ಅಂದರೆ ಮೊದಲು ಪ್ರಾಣಿಗಳಿರುವ ಊರು ಬಿಟ್ಟ್ ಬೆಂಗಳೂರಿಗೆ ಹೋಗಬೇಕು ಅನ್ನುವುದು ವಿಚಿತ್ರ ಅಲ್ವಾ?

ನಾವು ಕೇಳುತ್ತಿರುವುದು ಏನು?

ಹೊಸ ಲ್ಯಾಬ್ ಬೇಡ, ಗ್ರಾಂಟ್ ಬೇಡ. ಬಯಾಲಜಿ ಪೇಪರಿನ ಇಂಟರ್ನಲ್ಸ್‌ನಲ್ಲಿ ಅಸೈನ್‌ಮೆಂಟ್‌ಗೆ ಅಂತ ಇರುವ ಅಂಕಗಳನ್ನು ಒಂದು ನೋಡುವ ಪ್ರಾಜೆಕ್ಟಿಗೆ ಕೊಡಿ. ಈಗ ಆ ಅಸೈನ್‌ಮೆಂಟ್ ಹೇಗೆ ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು: ಒಬ್ಬ ಡೌನ್‌ಲೋಡ್ ಮಾಡ್ತಾನೆ, ಅರವತ್ತು ಜನ ಬರೀತಾರೆ. ಅದರ ಬದಲು ನಾಲ್ಕು ಜನರ ತಂಡ ಒಂದು ಪ್ರಾಣಿಯನ್ನು ಆರಿಸಿಕೊಳ್ಳಲಿ. ಕ್ಯಾಂಪಸ್ಸಿನ ಅಳಿಲಾಗಬಹುದು, ಬಾತ್‌ರೂಮಿನ ಹಲ್ಲಿಯಾಗಬಹುದು, ಮೆಸ್ಸಿನ ಹಿಂದಿನ ಇರುವೆ ಸಾಲಾಗಬಹುದು. ಒಂದೇ ಪ್ರಶ್ನೆ, ಆರು ವಾರ, ವಾರಕ್ಕೆ ಎರಡು ಗಂಟೆ.

ಪಕ್ಕದ ಪದವಿ ಕಾಲೇಜಿನ ಪ್ರಾಣಿಶಾಸ್ತ್ರದವರನ್ನು ಜೊತೆ ಮಾಡಿ. ಅವರಿಗೆ ಪ್ರಾಣಿ ಗೊತ್ತು, ನಮಗೆ ಸೆನ್ಸರ್ ಗೊತ್ತು. ಎಂಬೆಡೆಡ್ ಲ್ಯಾಬಿನಲ್ಲಿ ಎಲ್ಇಡಿ ಮಿನುಗಿಸಿ ಎತ್ತಿಡುವ ಬೋರ್ಡಿಗೆ ತಾಪದ ಸೆನ್ಸರ್ ಜೋಡಿಸಿ ಹುತ್ತದ ಪಕ್ಕ ಇಟ್ಟರೆ ಇಡೀ ರಾತ್ರಿಯ ಡೇಟಾ ಸಿಗುತ್ತೆ. ಗ್ರಿಫಿನ್ ಮತ್ತು ಪಿಯರ್ಸ್ ಮಾಡಿದ್ದು ಇದನ್ನೇ.

ವರದಿಯನ್ನು ಕನ್ನಡದಲ್ಲೂ ಬರೆಯಲು ಬಿಡಿ. ಕುರಿ ಕಾಯುವ ಅಜ್ಜ ಹೇಳಿದ ಹೆಸರು, ಅವರು ಕಂಡ ಬದಲಾವಣೆ ಅದರಲ್ಲಿ ಬರಲಿ. ಪ್ರತಿ ವರ್ಷ ಒಂದೇ ಕೆರೆಯಲ್ಲಿ, ಒಂದೇ ತಿಂಗಳಲ್ಲಿ, ಒಂದೇ ವಿಧಾನದಲ್ಲಿ ಎಣಿಸಿದರೆ ಐದು ವರ್ಷಕ್ಕೆ ಹತ್ತಿಕುಣಿಯ ಹಕ್ಕಿಗಳ ಬಗ್ಗೆ ನಮ್ಮ ಕೈಯಲ್ಲೇ ಒಂದು ದಾಖಲೆ ಇರುತ್ತೆ. ಅಜ್ಜ ‘ಕಡಿಮೆ ಆಗ್ಯಾವ’ ಅಂದದ್ದು ನಿಜವಾ ಅಂತ ಆಗ ಹೇಳಬಹುದು. ಇವತ್ತು ಹೇಳೋಕಾಗಲ್ಲ.

ಕೆಲವು ನಿಯಮಗಳೂ ಇರಲಿ. ಹಿಡಿಯುವಂತಿಲ್ಲ, ಗೂಡು ಮುಟ್ಟುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಿಂದಲೇ ಇದೆ, ಅದನ್ನು ಮೊದಲ ಕ್ಲಾಸಿನಲ್ಲೇ ಓದಿಸಿ. ಟಿಟ್ಟಿಭದ ಗೂಡಿನ ಹತ್ತಿರ ಹೋಗಿ ರೀಲ್ಸ್ ಮಾಡಿದರೆ ನಮ್ಮ ಹೆಜ್ಜೆಯ ಜಾಡು ಹಿಡಿದು ನಾಯಿ, ಕಾಗೆ ಬರುತ್ತವೆ. ಒಬ್ಬೊಬ್ಬರೇ ನೀರಿನ ಕಡೆ ಹೋಗುವಂತಿಲ್ಲ, ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಬಯಲಲ್ಲಿ ನಿಲ್ಲುವಂತಿಲ್ಲ.

ಎರಡು ಆಕ್ಷೇಪ

“ಪೋರ್ಷನ್ ಮುಗಿಯಲ್ಲ” ಅನ್ನುವುದು ಮೊದಲ ಆಕ್ಷೇಪ. ನಿಜ, ಐದು ಮಾಡ್ಯೂಲ್ ಇದೆ. ಆದರೆ ನಾವು ಪಾಠದ ಗಂಟೆ ಕೇಳುತ್ತಿಲ್ಲ, ಈಗಾಗಲೇ ವ್ಯರ್ಥವಾಗುತ್ತಿರುವ ಅಸೈನ್‌ಮೆಂಟಿನ ಗಂಟೆ ಕೇಳುತ್ತಿದ್ದೇವೆ. ಇನ್ನೊಂದು ಮಾತು, ಈ ಪೇಪರನ್ನು ಕಲಿಸುವ ಮೇಷ್ಟ್ರುಗಳಲ್ಲಿ ಹೆಚ್ಚಿನವರು ಬಯಾಲಜಿ ಓದಿದವರಲ್ಲ. ಅವರನ್ನು ದೂರುವುದು ಸರಿಯಲ್ಲ, ಅವರಿಗೂ ಇದು ಹೊಸದು. ನೋಡುವ ಪ್ರಾಜೆಕ್ಟಿನಲ್ಲಿ ಮೇಷ್ಟ್ರಿಗೆ ಉತ್ತರ ಮೊದಲೇ ಗೊತ್ತಿರಬೇಕಿಲ್ಲ, ಯಾಕಂದ್ರೆ ಉತ್ತರ ಯಾರಿಗೂ ಗೊತ್ತಿಲ್ಲ. ಅದೇ ಅದರ ಮಜಾ.

“ಡೇಟಾ ಫೇಕ್ ಮಾಡ್ತಾರೆ” ಅನ್ನುವುದು ಎರಡನೆಯದು, ಗಟ್ಟಿಯಾದದ್ದು. ಮಾಡ್ತಾರೆ, ಕೆಲವರು ಮಾಡೇ ಮಾಡ್ತಾರೆ. ಅದಕ್ಕೇ ಮಾರ್ಕ್ಸನ್ನು ಸರಿಯುತ್ತರಕ್ಕೆ ಕೊಡಬಾರದು. ತಾರೀಕು, ಸಮಯ, ಹವೆ ಬರೆದ ನೋಟ್‌ಬುಕ್ಕಿಗೆ ಕೊಡಿ. ಎರಡು ತಂಡ ಬೇರೆ ಬೇರೆಯಾಗಿ ಎಣಿಸಿ ಲೆಕ್ಕ ಯಾಕೆ ಹೊಂದಲಿಲ್ಲ ಅಂತ ವಿವರಿಸಿದ್ದಕ್ಕೆ ಕೊಡಿ. ‘ಆರು ವಾರ ಕಾದೆವು, ನಮ್ಮ ಊಹೆ ಸುಳ್ಳಾಯಿತು’ ಅಂತ ಬರೆದವರಿಗೂ ಪೂರ್ತಿ ಕೊಡಿ. ಸುಳ್ಳು ಬರೆಯುವುದರಿಂದ ಲಾಭ ಇಲ್ಲ ಅಂತಾದರೆ ಅರ್ಧದಷ್ಟು ಫೇಕ್ ತಾನಾಗೇ ನಿಲ್ಲುತ್ತೆ.

“ಇದರಿಂದ ಪ್ಲೇಸ್‌ಮೆಂಟ್ ಸಿಗುತ್ತಾ?” ಅಂತ ಕೇಳುವವರಿಗೂ ಒಂದು ಮಾತು. ಬಹುಶಃ ನೇರವಾಗಿ ಸಿಗಲ್ಲ. ಆದರೆ ಗಲೀಜು ಡೇಟಾವನ್ನು ಸ್ವಂತ ಕೈಯಿಂದ ಕೂಡಿಸಿ, ಅದರಲ್ಲಿ ತಪ್ಪೆಷ್ಟು ಅಂತ ಹೇಳಬಲ್ಲವರು ನಮ್ಮ ಬ್ಯಾಚಿನಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ ನೋಡಿ.

ಇನ್ನೊಂದು ಮಿಂಚುಳ್ಳಿ ಪ್ರಶ್ನೆಯನ್ನು ನಿಮಗೇ ಬಿಡುತ್ತೇವೆ. ನಮ್ಮ ಹೊಲಗಳ ಕರೆಂಟ್ ತಂತಿಯ ಮೇಲೆ ಕೂರುವ, ಎದೆ ಬೆಳ್ಳಗಿರುವ ಗದ್ದೆ ಮಿಂಚುಳ್ಳಿ ಎಷ್ಟೋ ಸಲ ನೀರಿಗೆ ಬೀಳುವುದೇ ಇಲ್ಲ, ನೆಲದ ಮೇಲಿನ ಮಿಡತೆ, ಹಲ್ಲಿ ಹಿಡಿಯುತ್ತೆ. ಹಾಗಾದರೆ ನೀರಿಗೆ ಧುಮುಕುವ ಮಿಂಚುಳ್ಳಿಯ ಕೊಕ್ಕಿಗೂ ಇದರ ಕೊಕ್ಕಿಗೂ ವ್ಯತ್ಯಾಸ ಇರಬೇಕಲ್ಲ? 2019ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಬೇರೆ ಮಿಂಚುಳ್ಳಿಗಳ ತಲೆ-ಕೊಕ್ಕನ್ನು ತ್ರೀಡಿ ಪ್ರಿಂಟ್ ಮಾಡಿ ನೀರಿಗೆ ಬೀಳಿಸಿ ಅಳೆದರು. ಧುಮುಕುವ ಜಾತಿಗಳ ಕೊಕ್ಕು ನೀರನ್ನು ಹೆಚ್ಚು ಸಲೀಸಾಗಿ ಸೀಳುತ್ತೆ ಅಂತ ಕಂಡುಬಂತು. ನಮ್ಮ ಕಾಲೇಜಿನಲ್ಲೂ ತ್ರೀಡಿ ಪ್ರಿಂಟರ್ ಇದೆ. ಹೆಚ್ಚಾಗಿ ಕೀಚೈನ್ ಮಾಡಲು ಬಳಸುತ್ತೇವೆ.

ಮುಂದಿನ ತಿಂಗಳ ಎರಡನೇ ಭಾನುವಾರ ನಾವು ಮತ್ತೆ ಹತ್ತಿಕುಣಿಗೆ ಹೋಗುತ್ತಿದ್ದೇವೆ, ಈ ಸಲ ಎಣಿಸಲಿಕ್ಕೇ. ಬ್ರಾಂಚ್ ಯಾವುದಾದರೂ ಸರಿ, ಕನ್ನಡ ಸಂಘದ ರೂಮಿಗೆ ಬಂದು ಹೆಸರು ಕೊಡಿ. ಬೈನಾಕ್ಯುಲರ್ ಇದ್ದವರು ತನ್ನಿ, ಇಲ್ಲದವರು ನೋಟ್‌ಬುಕ್ ತನ್ನಿ. ಬುತ್ತಿ ಅಕ್ಕನ ಮನೆಯದು.